ಬಜಪೆಯೋ ಮಟ್ಟನ್ನೂರೋ: ಕಾಸರಗೋಡಿನವರು ವಿಮಾನ ಹತ್ತುವುದೆಲ್ಲಿಂದ?

ಕಾಸರಗೋಡು ಜಿಲ್ಲೆಗೆ ತನ್ನದೇ ಆದ ವಿಮಾನ ನಿಲ್ದಾಣ ಇಲ್ಲ. ಪೆರಿಯದಲ್ಲೊಂದು ಏರ್‌ಸ್ಟ್ರಿಪ್ ಬರುತ್ತದೆ ಎಂಬ ಮಾತು ವರ್ಷಗಳಿಂದ ಓಡಾಡುತ್ತಿದೆ. ಸದ್ಯಕ್ಕೆ ಅಲ್ಲಿ ಓಡಾಡುತ್ತಿರುವುದು ಆ ಮಾತು ಮಾತ್ರ. ಹಾಗಾಗಿ ದುಬೈಗೆ ಹೋಗುವವರಿಗೂ ಮುಂಬೈಗೆ ಹೋಗುವವರಿಗೂ ಎದುರಿಗಿರುವುದು ಎರಡು ದಾರಿ. ಉತ್ತರಕ್ಕೆ ಹೋದರೆ ಬಜಪೆಯ ಮಂಗಳೂರು ಏರ್‌ಪೋರ್ಟ್, ದಕ್ಷಿಣಕ್ಕೆ ಹೋದರೆ ಮಟ್ಟನ್ನೂರಿನ ಕಣ್ಣೂರು ಏರ್‌ಪೋರ್ಟ್.

ಮೊದಲು ಈ ಗೊಂದಲ ಇರಲಿಲ್ಲ. ಬಜಪೆಯಲ್ಲಿ ವಿಮಾನ ಇಳಿಯಲು ಶುರುವಾಗಿದ್ದು 1951ರಲ್ಲಿ. ಅಲ್ಲಿಂದ ನೇರ ದುಬೈ ವಿಮಾನ ಬಂದದ್ದು 2006ರಲ್ಲಿ. ಅದಕ್ಕೂ ಮೊದಲು ಗಲ್ಫಿಗೆ ಹೋಗುವವರು ಮುಂಬೈಯನ್ನೋ ಕಲ್ಲಿಕೋಟೆಯ ಕರಿಪ್ಪೂರನ್ನೋ ನಂಬಿದ್ದರು. ಕಣ್ಣೂರು ಏರ್‌ಪೋರ್ಟ್ ತೆರೆದದ್ದು 2018ರ ಡಿಸೆಂಬರ್ 9ರಂದು. ಆವತ್ತಿನಿಂದ ನಮ್ಮ ಕಡೆ ಟಿಕೆಟ್ ನೋಡಲು ಕೂತವರೆಲ್ಲ ಎರಡೆರಡು ಸಲ ಹುಡುಕುತ್ತಾರೆ. ಕಣ್ಣೂರಿನಿಂದ ಸಾವಿರದೈನೂರು ಕಡಿಮೆ ಕಂಡರೆ ಸಾಕು, ಮನೆಯಲ್ಲಿ ಚರ್ಚೆ ಶುರು.

ಯಾವುದು ಹತ್ತಿರ ಎಂದು ಮಾತ್ರ ಕೇಳಿದರೆ ಉತ್ತರ ಅರ್ಧವೇ ಸಿಗುತ್ತದೆ. ನೋಡಬೇಕಾದದ್ದು ನಾಲ್ಕು ವಿಷಯ. ಮನೆ ಬಾಗಿಲಿನಿಂದ ಚೆಕ್-ಇನ್ ಕೌಂಟರ್‌ ತನಕ ಎಷ್ಟು ಗಂಟೆ, ಅದೂ ನೀವು ಹೊರಡುವ ಆ ಹೊತ್ತಿಗೆ. ಟಿಕೆಟ್, ಟ್ಯಾಕ್ಸಿ ಎಲ್ಲ ಸೇರಿ ಕೈಯಿಂದ ಹೋಗುವ ಒಟ್ಟು ದುಡ್ಡು. ನಿಮಗೆ ಬೇಕಾದ ಊರಿಗೆ ನೇರ ವಿಮಾನ ಇದೆಯೇ, ವಾರದಲ್ಲಿ ಎಷ್ಟು ದಿನ. ಕೊನೆಯದು, ಮಳೆಯೋ ಮತ್ತೇನೋ ಬಂದು ಕೆಲಸ ಕೆಟ್ಟರೆ ಗತಿ ಏನು ಎಂಬುದು. ಇದನ್ನು ಜನ ಯೋಚಿಸುವುದೇ ಕಡಿಮೆ.

ಕಿಲೋಮೀಟರ್ ಲೆಕ್ಕ

ಈ ಎರಡು ಏರ್‌ಪೋರ್ಟ್‌ಗಳ ನಡುವೆ ಹಕ್ಕಿ ಹಾರಿದಂತೆ ನೇರ ಅಳೆದರೆ ಸುಮಾರು 135 ಕಿ.ಮೀ. ರಸ್ತೆಯಲ್ಲಿ ಹೋದರೆ 170ರಿಂದ 180 ಕಿ.ಮೀ. ಆಗುತ್ತದೆ, ಕಾರಿನಲ್ಲಿ ನಾಲ್ಕೂವರೆ-ಐದು ಗಂಟೆಯ ದಾರಿ. ಕಾಸರಗೋಡು ಜಿಲ್ಲೆ ಪೂರ್ತಿ ಈ ಎರಡರ ನಡುವೆಯೇ ಇದೆ. ಹಾಗಾಗಿ ಜಿಲ್ಲೆಗೆಲ್ಲ ಸೇರಿ ಒಂದೇ ಉತ್ತರ ಹೇಳಲು ಬರುವುದಿಲ್ಲ.

ಕಾಸರಗೋಡು ಪೇಟೆಯಿಂದ ಬಜಪೆಗೆ ಸುಮಾರು 63 ಕಿ.ಮೀ., ಮಟ್ಟನ್ನೂರಿಗೆ ಸುಮಾರು 115. ಮಂಜೇಶ್ವರದವರಿಗೆ ಬಜಪೆ 35 ಕಿ.ಮೀ. ಆಸುಪಾಸು. ಕುಂಬಳೆಯವರಿಗೆ 50ರ ಹತ್ತಿರ. ಇವರಿಗೆಲ್ಲ ಕಣ್ಣೂರಿನ ಯೋಚನೆ ಬರಬೇಕಾದರೆ ಬೇರೆ ಏನಾದರೂ ಗಟ್ಟಿ ಕಾರಣ ಬೇಕು.

ಚಂದ್ರಗಿರಿ ಹೊಳೆ ದಾಟಿದರೆ ಕಣ್ಣೂರೇ ಹತ್ತಿರ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಹೊಳೆ ದಾಟಿ ಉದುಮ, ಬೇಕಲಕ್ಕೆ ಬಂದರೂ ಬಜಪೆಯೇ ಹತ್ತಿರ. ತಕ್ಕಡಿ ಸಮ ಆಗುವುದು ಹೊಸದುರ್ಗದಲ್ಲಿ, ಅಂದರೆ ಕಾಞಂಗಾಡಿನಲ್ಲಿ. ಅಲ್ಲಿಂದ ಆ ಕಡೆಗೂ ಈ ಕಡೆಗೂ 90 ಕಿ.ಮೀ. ಒಳಗೆ, ಹೆಚ್ಚುಕಮ್ಮಿ ಒಂದೇ. ನೀಲೇಶ್ವರ ದಾಟಿದ ಮೇಲೆ ಕಣ್ಣೂರಿನ ಕಡೆ ವಾಲುತ್ತದೆ. ಚೆರುವತ್ತೂರು, ತೃಕ್ಕರಿಪುರದವರು ಬಜಪೆಗೆ ಬರುವುದು ಟಿಕೆಟ್ ಸಿಗದಿದ್ದಾಗ ಮಾತ್ರ.

ಒಳನಾಡಿನ ಲೆಕ್ಕ ಬೇರೆ. ಬದಿಯಡ್ಕದವರಿಗೆ ಕುಂಬಳೆಗೆ ಇಳಿದು ಹೆದ್ದಾರಿ ಹಿಡಿಯುವುದು ಸುಲಭ. ಪೆರ್ಲದವರಿಗೆ ಇನ್ನೊಂದು ದಾರಿ ಇದೆ. ಅಡ್ಯನಡ್ಕ, ವಿಟ್ಲ, ಕಲ್ಲಡ್ಕ ಮೇಲೆ ಬಿ.ಸಿ.ರೋಡಿಗೆ ಬಂದು, ಅಲ್ಲಿಂದ ಪೊಳಲಿ, ಕೈಕಂಬ ಮೂಲಕ ಬಜಪೆ ಸೇರಬಹುದು. ಈ ದಾರಿಯ ದೊಡ್ಡ ಲಾಭ ಎಂದರೆ ಮಂಗಳೂರು ಪೇಟೆಯನ್ನು ಮುಟ್ಟುವುದೇ ಇಲ್ಲ. ಬಂದಡ್ಕ, ಪಾಣತ್ತೂರು, ವೆಳ್ಳರಿಕುಂಡು ಕಡೆಯವರು ಮಲೆನಾಡ ಹೆದ್ದಾರಿಯನ್ನು ನೋಡಬೇಕು. ನಂದಾರಪದವಿನಿಂದ ಶುರುವಾಗಿ ತಿರುವನಂತಪುರದ ಪಾರಶ್ಶಾಲೆ ತನಕ ಹೋಗುವ ರಾಜ್ಯ ಹೆದ್ದಾರಿ 59 ಇದು. ಚೆರುಪುಳ ಕಡೆಗೆ ಇಳಿದರೆ ಕರಾವಳಿಯ ಟ್ರಾಫಿಕ್ ಸಿಗದೆಯೇ ಕಣ್ಣೂರು ಜಿಲ್ಲೆ ಸೇರಬಹುದು. ತಿರುವುಗಳು ಬಹಳ. ವಾಂತಿ ಬರುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ.

ಗಂಟೆ ಲೆಕ್ಕ

ಕಿಲೋಮೀಟರ್ ನೋಡಿ ಹೊರಟವರು ಸಿಕ್ಕಿಬೀಳುವುದು ಇಲ್ಲೇ.

ಬಜಪೆ ದಾರಿಯ ಮೊದಲ ಭಾಗ ಈಗ ಸುಖ. ಹೆದ್ದಾರಿ 66ರಲ್ಲಿ ತಲಪಾಡಿಯಿಂದ ಚೆಂಗಳದ ತನಕ 39 ಕಿ.ಮೀ. ಆರು ಪಥ ಆಗಿದೆ. ಹಿಂದೆ ಕುಂಬಳೆ, ಉಪ್ಪಳ, ಹೊಸಂಗಡಿ ಪೇಟೆಗಳಲ್ಲಿ ಕಳೆಯುತ್ತಿದ್ದ ಹೊತ್ತು ಈಗ ಉಳಿಯುತ್ತದೆ. ಆದರೆ ಹಾಗೆ ಉಳಿಸಿದ್ದನ್ನೆಲ್ಲ ಮಂಗಳೂರು ವಾಪಸ್ ಕಿತ್ತುಕೊಳ್ಳುತ್ತದೆ. ನೇತ್ರಾವತಿ ಸೇತುವೆ ದಾಟಿ ಪಂಪ್‌ವೆಲ್‌ಗೆ ಬಂದಿರಿ ಎನ್ನಿ. ಮುಂದೆ ನಂತೂರು. ಸಂಜೆ ಐದರ ಹೊತ್ತಿಗೆ ಆ ವೃತ್ತವನ್ನು ಒಮ್ಮೆ ನೋಡಬೇಕು. ಪಂಪ್‌ವೆಲ್ ಕಡೆಯಿಂದ ಏದುಸಿರು ಬಿಡುತ್ತಾ ಏರಿ ಬರುವ ಗ್ಯಾಸ್ ಟ್ಯಾಂಕರ್, ಬಿಕರ್ನಕಟ್ಟೆಯಿಂದ ನುಗ್ಗುವ ಲಾರಿ, ಮಲ್ಲಿಕಟ್ಟೆ ಕಡೆಯಿಂದ ಹಾರನ್ ಬಿಡದೆ ಒತ್ತುತ್ತಾ ಬರುವ ಸಿಟಿ ಬಸ್ಸು, ಇವುಗಳ ಸಂದಿಯಲ್ಲಿ ಸ್ಕೂಟರ್‌ಗಳು. ನಡುವೆ ಡಿಕ್ಕಿಯಲ್ಲಿ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ ಹೇರಿಕೊಂಡು ನಿಂತ ಕೆಎಲ್ 14 ನಂಬರಿನ ಇನ್ನೋವಾ. ಒಳಗಿರುವವರೆಲ್ಲ ಐದೈದು ನಿಮಿಷಕ್ಕೆ ವಾಚು ನೋಡುತ್ತಿರುತ್ತಾರೆ. ಅಲ್ಲಿಂದ ಪಾರಾದರೆ ಕೆಪಿಟಿ, ಯೆಯ್ಯಾಡಿ, ಬೊಂದೇಲ್, ಕಾವೂರು, ಮರವೂರು ಸೇತುವೆ, ಕೆಂಜಾರು, ಆಮೇಲೆ ಗುಡ್ಡದ ಏರು.

ಹೀಗಾಗಿ ಕಾಸರಗೋಡಿನಿಂದ ಬಜಪೆಗೆ ನಡುರಾತ್ರಿ ಒಂದೂಕಾಲು ಗಂಟೆ ಸಾಕು. ಬೆಳಿಗ್ಗೆ ಎಂಟೂವರೆಯಿಂದ ಹತ್ತರ ತನಕ, ಸಂಜೆ ನಾಲ್ಕೂವರೆಯಿಂದ ಏಳರ ತನಕ ಎರಡು ಗಂಟೆ ಇಟ್ಟುಕೊಳ್ಳಿ. ಮಳೆ ಇದ್ದರೆ ಇನ್ನರ್ಧ ಗಂಟೆ ಜಾಸ್ತಿ.

ಕಣ್ಣೂರು ದಾರಿಯ ಕಷ್ಟ ಬೇರೆ ರೀತಿಯದು. ಅಲ್ಲಿ ನಂತೂರಿನಂಥ ಒಂದು ದೊಡ್ಡ ಗಂಟು ಇಲ್ಲ, ಚಿಕ್ಕಪುಟ್ಟ ಗಂಟುಗಳು ಉದ್ದಕ್ಕೂ ಇವೆ. ಚೆಂಗಳದಿಂದ ತೆಂಕಕ್ಕೆ ಹೆದ್ದಾರಿ ಕೆಲಸ ನಿಧಾನವಾಗಿ ಸಾಗಿದೆ. ಸರ್ವಿಸ್ ರೋಡಿಗೆ ಇಳಿಯುವುದು, ಮತ್ತೆ ಮೇಲೆ ಹತ್ತುವುದು ನಡೆದೇ ಇರುತ್ತದೆ. 2025ರ ಮಳೆಗಾಲದಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡ ಹೆದ್ದಾರಿಗೆ ಕುಸಿದು ವಾಹನಗಳು ನಿಂತುಬಿಟ್ಟಿದ್ದವು. ಹೊಸದುರ್ಗದ ತನಕ ಮಾತ್ರ ಆಯ್ಕೆ ಇದೆ. ಚೆರ್ಕಳ, ಪೊಯಿನಾಚಿ, ಪೆರಿಯ ಮೇಲೆ ಹೆದ್ದಾರಿಯಲ್ಲಿ ಹೋಗಬಹುದು, ಅಥವಾ ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ, ಬೇಕಲ ಮೇಲೆ ಕರಾವಳಿ ರಸ್ತೆ ಹಿಡಿಯಬಹುದು. ಪಯ್ಯನ್ನೂರು ಕಳೆದು ತಳಿಪರಂಬದಲ್ಲಿ ಹೆದ್ದಾರಿ ಬಿಟ್ಟು ಮಯ್ಯಿಲ್, ಚಾಲೋಡ್ ಕಡೆಗೆ ತಿರುಗಬೇಕು. ಕಣ್ಣೂರು ಪೇಟೆಗೆ ಹೋಗುವ ಅಗತ್ಯ ಇಲ್ಲ, ಹೋಗಲೂಬೇಡಿ. ಇಲ್ಲಿಂದ ಮುಂದೆ ಎರಡು ವಾಹನ ಹಾಯುವಷ್ಟು ಅಗಲದ, ಊರೂರು ಸುತ್ತುವ ರಸ್ತೆ. ದೂರ ಕಡಿಮೆ ಕಂಡರೂ ಒಂದು ಗಂಟೆ ತಿನ್ನುತ್ತದೆ. ಕಾಸರಗೋಡಿನಿಂದ ಒಟ್ಟು ಮೂರರಿಂದ ಮೂರೂವರೆ ಗಂಟೆ. ಹೊಸದುರ್ಗದಿಂದ ಎರಡೂಕಾಲು ಗಂಟೆ.

ಒಂದು ಉದಾಹರಣೆ ನೋಡಿ. ಬೆಳಿಗ್ಗೆ ಆರಕ್ಕೆ ವಿಮಾನ, ವಿದೇಶಕ್ಕೆ. ಮೂರು ಗಂಟೆ ಮೊದಲು ಅಲ್ಲಿರಬೇಕು, ಅಂದರೆ ಮೂರಕ್ಕೆ. ಬಜಪೆ ಆದರೆ ಕಾಸರಗೋಡಿನಿಂದ ಒಂದೂವರೆಗೆ ಹೊರಟರಾಯಿತು, ಸ್ವಲ್ಪ ಹೊತ್ತು ನಿದ್ದೆಯೂ ಆಗುತ್ತದೆ. ಮಟ್ಟನ್ನೂರು ಆದರೆ ರಾತ್ರಿ ಹನ್ನೆರಡರೊಳಗೆ ಮನೆ ಬಿಡಬೇಕು. ಅದೇ ರಾತ್ರಿ ಎಂಟರ ವಿಮಾನವಾದರೆ ಐದಕ್ಕೆ ಅಲ್ಲಿರಬೇಕು. ನಂತೂರನ್ನು ನಾಲ್ಕೂಕಾಲರೊಳಗೆ ದಾಟಿದರೆ ಗೆದ್ದಿರಿ. ಬಜಪೆಗೆ ಹೋಗುವವರು ಎರಡೂವರೆಗೆ ಊಟ ಮುಗಿಸಿ ಹೊರಟುಬಿಡಿ. ಕೌಂಟರನ್ನು ವಿಮಾನ ಹೊರಡುವ ಕನಿಷ್ಠ ಒಂದು ಗಂಟೆ ಮೊದಲೇ ಮುಚ್ಚುತ್ತಾರೆ. ಆಮೇಲೆ ಎಷ್ಟು ಬೇಡಿಕೊಂಡರೂ ಪ್ರಯೋಜನ ಇಲ್ಲ.

ರೈಲಿನಲ್ಲಿ ಹೋಗುವವರಿಗೆ

ಒಬ್ಬರೇ, ಒಂದೇ ಬ್ಯಾಗು ಆದರೆ ರೈಲನ್ನು ಮರೆಯಬೇಡಿ. ಕಾಸರಗೋಡಿನಿಂದ ಮಂಗಳೂರು ಸೆಂಟ್ರಲ್‌ಗೆ 46 ಕಿ.ಮೀ., ಒಂದು ಗಂಟೆಯ ಆಸುಪಾಸು. ಅಲ್ಲಿಂದ ಏರ್‌ಪೋರ್ಟಿಗೆ ಟ್ಯಾಕ್ಸಿಯಲ್ಲಿ ಮುಕ್ಕಾಲು ಗಂಟೆಯೊಳಗೆ. ಕಣ್ಣೂರಿಗೆ 86 ಕಿ.ಮೀ., ಎಕ್ಸ್‌ಪ್ರೆಸ್‌ನಲ್ಲಿ ಒಂದೂಕಾಲರಿಂದ ಒಂದೂವರೆ ಗಂಟೆ. ಹೆದ್ದಾರಿಯ ಗೋಳೆಲ್ಲ ತಪ್ಪುವುದರಿಂದ ಕಣ್ಣೂರಿಗೆ ರೈಲೇ ಒಳ್ಳೆಯದು. ಆದರೆ ಸ್ಟೇಷನ್‌ನಿಂದ ಏರ್‌ಪೋರ್ಟ್ ಮತ್ತೆ 25 ಕಿ.ಮೀ.ಗಿಂತ ಜಾಸ್ತಿ ದೂರ. ಟ್ಯಾಕ್ಸಿ ಬೇಡವಾದರೆ ಮಟ್ಟನ್ನೂರು ಬಸ್ಸು ಹಿಡಿದು, ಪೇಟೆಯಲ್ಲಿ ಇಳಿದು ಆಟೋ ಮಾಡಬೇಕು.

ಬಜಪೆಗೂ ಬಸ್ಸಿನ ದಾರಿ ಇದೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಬಜಪೆ ಬಸ್ಸು ಹತ್ತಿ ಕೆಂಜಾರಿನಲ್ಲಿ ಇಳಿಯಬಹುದು. ಅಲ್ಲಿಂದ ಮೇಲಕ್ಕೆ ಏರು ರಸ್ತೆ. ಬೆನ್ನಿಗೊಂದು ಬ್ಯಾಗು ಇದ್ದರೆ ನಡೆದೀರಿ, ಮೂವತ್ತು ಕಿಲೋ ಸೂಟ್‌ಕೇಸ್ ಎಳೆದುಕೊಂಡು ಜೂನ್ ತಿಂಗಳಲ್ಲಿ ಹತ್ತುವ ಸಾಹಸ ಬೇಡ. ಕಾಸರಗೋಡು-ಮಂಗಳೂರು ಬಸ್ಸುಗಳು ಹಗಲಿಡೀ ಇವೆ. ಪಂಪ್‌ವೆಲ್‌ನಲ್ಲೇ ಇಳಿದು ಟ್ಯಾಕ್ಸಿ ಮಾಡಿದರೆ ಪೇಟೆ ಒಳಗೆ ಸುತ್ತುವುದು ತಪ್ಪುತ್ತದೆ. ಕುಂಬಳೆ, ಉಪ್ಪಳ, ಮಂಜೇಶ್ವರದವರು ಒಂದು ನೆನಪಿಡಿ: ಎಲ್ಲ ಎಕ್ಸ್‌ಪ್ರೆಸ್‌ಗಳೂ ಅಲ್ಲಿ ನಿಲ್ಲುವುದಿಲ್ಲ. ನಿಮಗೆ ಬಸ್ಸೇ ಗತಿ.

ಟಿಕೆಟ್ ತಲೆಗೆ, ಟ್ಯಾಕ್ಸಿ ಕಾರಿಗೆ

ದುಡ್ಡಿನ ವಿಷಯಕ್ಕೆ ಬರೋಣ. ಟಿಕೆಟ್‌ನಲ್ಲಿ ಉಳಿಯುವುದು ತಲೆಗಿಷ್ಟು ಎಂದು. ಟ್ಯಾಕ್ಸಿಗೆ ಜಾಸ್ತಿ ಕೊಡುವುದು ಕಾರಿಗಿಷ್ಟು ಎಂದು. ಇದೊಂದನ್ನು ಹಿಡಿದುಕೊಂಡರೆ ಲೆಕ್ಕ ಸುಲಭ.

ಕಾಸರಗೋಡಿನಿಂದ ಕಣ್ಣೂರು ಏರ್‌ಪೋರ್ಟ್ ಬಜಪೆಗಿಂತ ಸುಮಾರು 52 ಕಿ.ಮೀ. ಜಾಸ್ತಿ ದೂರ. ಟ್ಯಾಕ್ಸಿಯವರು ಬರುವಾಗ ಖಾಲಿ ಬರುವುದರಿಂದ ಎರಡೂ ಕಡೆಯ ಬಾಡಿಗೆ ಹಿಡಿಯುತ್ತಾರೆ, 104 ಕಿ.ಮೀ. ಆಯಿತು. ಕಿ.ಮೀ.ಗೆ 20 ರೂಪಾಯಿ ಎಂದೇ ಇಟ್ಟುಕೊಳ್ಳಿ, 2,080 ರೂಪಾಯಿ. ಒಬ್ಬರೇ ಹೋಗುವುದಾದರೆ ಕಣ್ಣೂರಿನ ಟಿಕೆಟ್ ಎರಡು ಸಾವಿರಕ್ಕಿಂತ ಹೆಚ್ಚು ಅಗ್ಗ ಇದ್ದರೆ ಮಾತ್ರ ಲಾಭ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಸೇರಿ ನಾಲ್ವರು ಹೋಗುವುದಾದರೆ ತಲೆಗೆ 520 ರೂಪಾಯಿ ಅಗ್ಗ ಸಿಕ್ಕರೂ ಸಾಕು. ಅಂದರೆ ಅದೇ ಸಾವಿರದೈನೂರು ರೂಪಾಯಿಯ ವ್ಯತ್ಯಾಸ ಒಬ್ಬರಿಗೆ ನಷ್ಟ, ಸಂಸಾರಕ್ಕೆ ಲಾಭ. ನಿಮ್ಮ ಟ್ಯಾಕ್ಸಿಯವರ ದರ ಬೇರೆ ಇದ್ದರೆ 104ಕ್ಕೆ ಅದನ್ನು ಗುಣಿಸಿ ನೋಡಿ.

ಗಡಿ ದಾಟುವ ಬಾಡಿಗೆ ಕಾರಿನ ವಿಷಯದಲ್ಲಿ ಒಂದು ಪ್ರಶ್ನೆ ಮೊದಲೇ ಕೇಳಿಬಿಡಿ. ಬಜಪೆ ಕರ್ನಾಟಕ, ಕಾರು ಕೇರಳದ್ದು. ಆಲ್ ಇಂಡಿಯಾ ಪರ್ಮಿಟ್ ಇದ್ದರೆ ಸರಿ. ಇಲ್ಲದಿದ್ದರೆ ಕರ್ನಾಟಕದ ತೆರಿಗೆ ಕಟ್ಟಿ ಬರಬೇಕು, ಅದು ನಿಮ್ಮ ಬಾಡಿಗೆಗೇ ಸೇರುತ್ತದೆ. ತಲಪಾಡಿ ಟೋಲ್ ಯಾರ ಲೆಕ್ಕಕ್ಕೆ ಎಂದೂ ಕೇಳಿ. ಏರ್‌ಪೋರ್ಟ್ ಎದುರು ನಿಂತು ಜಗಳ ಮಾಡುವುದು ತಪ್ಪುತ್ತದೆ.

ಇನ್ನೊಂದು ಖರ್ಚು ಯಾರೂ ಬರೆದಿಡುವುದಿಲ್ಲ. ನಮ್ಮ ಕಡೆ ಗಲ್ಫಿಗೆ ಹೋಗುವವರನ್ನು ಒಂಟಿಯಾಗಿ ಕಳಿಸುವ ಪದ್ಧತಿ ಇಲ್ಲ, ಅಲ್ವಾ? ಅಪ್ಪ, ಅಮ್ಮ, ಭಾವ, ನಿದ್ದೆಗಣ್ಣಿನ ಮಕ್ಕಳು ಎಲ್ಲ ಹೊರಡುತ್ತಾರೆ. ಬಜಪೆಗೆ ಆದರೆ ಬಿಟ್ಟು ಬಂದು ಬೆಳಗಿನ ಚಹಾಕ್ಕೆ ಮನೆಯಲ್ಲಿರಬಹುದು. ಮಟ್ಟನ್ನೂರಿಗೆ ಆದರೆ ದಾರಿಯಲ್ಲಿ ಎರಡು ಸಲ ಹೋಟೆಲ್, ಎಲ್ಲರಿಗೂ ಒಂದು ದಿನ ರಜೆ. ಬಿಡಲು ಬರುವವರನ್ನು ಕಡಿಮೆ ಮಾಡಿ ಎಂದು ಹೇಳುವ ಧೈರ್ಯ ನನಗಂತೂ ಇಲ್ಲ. ಲೆಕ್ಕಕ್ಕೆ ಸೇರಿಸಿಕೊಳ್ಳಿ, ಅಷ್ಟೇ.

ಯಾವ ವಿಮಾನ ಎಲ್ಲಿಂದ

ಎರಡು ಏರ್‌ಪೋರ್ಟ್‌ಗಳಿಗೂ ಒಂದು ಕೊರತೆ ಸಮಾನ. ವಿದೇಶಿ ಕಂಪನಿಗಳ ದಿನನಿತ್ಯದ ವಿಮಾನ ಇಲ್ಲಿಗೆ ಬರುವುದಿಲ್ಲ. ಯಾವ ದೇಶದ ಕಂಪನಿ ನಮ್ಮ ಯಾವ ಊರಿಗೆ ಬರಬಹುದು ಎಂಬುದು ಸರ್ಕಾರಗಳ ನಡುವಿನ ಒಪ್ಪಂದದಲ್ಲಿ ಇರುತ್ತದೆ. ಆ ‘ಪಾಯಿಂಟ್ ಆಫ್ ಕಾಲ್’ ಪಟ್ಟಿಯಲ್ಲಿ ಮಂಗಳೂರೂ ಇಲ್ಲ, ಕಣ್ಣೂರೂ ಇಲ್ಲ. ಕಣ್ಣೂರಿನವರು ಇದಕ್ಕಾಗಿ ಶುರುವಿನಿಂದಲೂ ಕೇಳುತ್ತಲೇ ಇದ್ದಾರೆ. ಹಾಗಾಗಿ ಎರಡೂ ಕಡೆ ಗಲ್ಫಿಗೆ ನಮ್ಮ ದೇಶದ ಕಂಪನಿಗಳೇ, ಮುಖ್ಯವಾಗಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಮತ್ತು ಇಂಡಿಗೋ. ಪೈಪೋಟಿ ಕಡಿಮೆ ಇದ್ದಲ್ಲಿ ಏನಾಗುತ್ತದೆ ಎಂದು ಓಣಂ, ಈದ್, ಶಾಲೆ ರಜೆ ಹೊತ್ತಿಗೆ ಟಿಕೆಟ್ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಣ್ಣೂರಿಗೆ ಇದರಿಂದ ದೊಡ್ಡ ಪೆಟ್ಟೇ ಬಿತ್ತು. ಅಲ್ಲಿಂದ ಹಲವು ವಿಮಾನ ಓಡಿಸುತ್ತಿದ್ದ ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತುಹೋಯಿತು. ಒಮ್ಮೆಲೇ ಅಷ್ಟೂ ಸೀಟು ಹೋಯಿತು. ಆಮೇಲೆ ಚೇತರಿಸಿಕೊಂಡಿದೆ. ಆದರೂ ಟಿಕೆಟ್ ಮಾಡುವಾಗ ವಾರದ ಯಾವ ದಿನ ವಿಮಾನ ಇದೆ ಎಂದು ನೋಡಿ. ಆ ವಿಮಾನ ರದ್ದಾದರೆ ಮರುದಿನ ಇನ್ನೊಂದು ಇದೆಯೋ, ಮೂರು ದಿನ ಕಾಯಬೇಕೋ? ವೀಸಾ ಮುಗಿಯಲು ಬಂದವರಿಗೆ, ರಜೆ ಮುಗಿದು ಡ್ಯೂಟಿಗೆ ಸೇರಬೇಕಾದವರಿಗೆ ಅಗ್ಗದ ಟಿಕೆಟ್‌ಗಿಂತ ಇದು ದೊಡ್ಡದು.

ದೇಶದೊಳಗೆ ಮುಂಬೈ, ಬೆಂಗಳೂರು, ಹೈದರಾಬಾದ್, ಚೆನ್ನೈ ಕಡೆಗೆ ಹೋಗುವವರು ಹೊಸದುರ್ಗದಿಂದ ಬಡಗಿನವರಾದರೆ ಬಜಪೆಯನ್ನು ಬಿಟ್ಟು ಬೇರೆ ಯೋಚಿಸಬೇಡಿ. ಒಂದೂವರೆ ಗಂಟೆಯ ಹಾರಾಟಕ್ಕೆ ಮೂರೂವರೆ ಗಂಟೆ ಕಾರಿನಲ್ಲಿ ಕೂರುವುದು ಯಾತಕ್ಕೆ? ಬೆಂಗಳೂರಿಗೆ ಅಂತೂ ನನ್ನನ್ನು ಕೇಳಿದರೆ ವಿಮಾನವೇ ಬೇಡ. ಕಣ್ಣೂರು-ಬೆಂಗಳೂರು ರೈಲು ಸಂಜೆ ಕಾಸರಗೋಡಿನಿಂದಲೇ ಸಿಗುತ್ತದೆ. ದೇವನಹಳ್ಳಿಯಿಂದ ಬೆಂಗಳೂರು ಪೇಟೆಗೆ ಬರುವ ಸಮಯವನ್ನೂ ಸೇರಿಸಿದರೆ ವಿಮಾನದಲ್ಲಿ ಉಳಿಯುವುದು ಅರ್ಧ ಹಗಲು ಅಷ್ಟೇ.

ಕರಿಪ್ಪೂರಿಗೆ ಹೋಗುವುದು ಯಾವಾಗ?

ಕಲ್ಲಿಕೋಟೆ ಏರ್‌ಪೋರ್ಟ್ ಇರುವುದು ಮಲಪ್ಪುರಂ ಜಿಲ್ಲೆಯ ಕರಿಪ್ಪೂರಿನಲ್ಲಿ. ಕಾಸರಗೋಡಿನಿಂದ ಸುಮಾರು 210 ಕಿ.ಮೀ. ಮೇಲಿನ ಲೆಕ್ಕದಲ್ಲೇ ಹೋದರೆ ಟ್ಯಾಕ್ಸಿಗೆ ಬಜಪೆಗಿಂತ ಆರು ಸಾವಿರದ ಹತ್ತಿರ ಜಾಸ್ತಿ. ಸುಮ್ನೆ ಯಾರೂ ಹೋಗುವುದಿಲ್ಲ. ಆದರೆ ಅಲ್ಲಿ ಕತಾರ್ ಏರ್‌ವೇಸ್, ಏರ್ ಅರೇಬಿಯಾ, ಎತಿಹಾದ್ ಮೊದಲಾದ ವಿದೇಶಿ ಕಂಪನಿಗಳು ಬರುತ್ತವೆ. ದೋಹಾ ಮೇಲೆ ಯುರೋಪಿಗೋ ಅಮೆರಿಕಕ್ಕೋ ಒಂದೇ ಟಿಕೆಟ್‌ನಲ್ಲಿ ಹೋಗುವವರಿಗೆ, ಎರಡು ದೊಡ್ಡ ಸೂಟ್‌ಕೇಸ್ ಇರುವ ವಿದ್ಯಾರ್ಥಿಗಳಿಗೆ ಇದು ಉಪಯೋಗ. ಹೋಗುವುದಾದರೆ ಕಲ್ಲಿಕೋಟೆಯ ತನಕ ರೈಲಿನಲ್ಲಿ ಹೋಗಿ, ಅಲ್ಲಿಂದ ಟ್ಯಾಕ್ಸಿ ಮಾಡಿ. ವಂದೇ ಭಾರತ್ ಕಾಸರಗೋಡಿನಲ್ಲಿ ನಿಲ್ಲುತ್ತದೆ, ಕಲ್ಲಿಕೋಟೆಯಲ್ಲೂ ನಿಲ್ಲುತ್ತದೆ.

ಇದಕ್ಕೆ ಎದುರಾಗಿ ಇನ್ನೊಂದು ದಾರಿ, ಬಜಪೆಯಿಂದ ಬೆಂಗಳೂರಿಗೋ ಮುಂಬೈಗೋ ಹಾರಿ ಅಲ್ಲಿಂದ ಮುಂದೆ ಹೋಗುವುದು. ಇಲ್ಲಿ ಒಂದು ಎಚ್ಚರ. ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿ ಇರಲಿ. ಆಗ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದರಲ್ಲಿ ಕಳಿಸುವ ಹೊಣೆ ಕಂಪನಿಯದ್ದು. ಅಗ್ಗ ಎಂದು ಬೇರೆ ಬೇರೆ ಟಿಕೆಟ್ ಮಾಡಿದರೆ ಆ ಹೊಣೆ ನಿಮ್ಮ ತಲೆಗೇ. ಬೇರೆ ಬೇರೆ ಮಾಡಲೇಬೇಕಾದರೆ ನಡುವೆ ಆರು ಗಂಟೆಯಾದರೂ ಬಿಡಿ. ಮಳೆಗಾಲದಲ್ಲಿ ಅದೂ ಸಾಲದು.

ಹಜ್‌ಗೆ ಹೋಗುವವರ ವಿಷಯ ಪ್ರತ್ಯೇಕ. ಕೇರಳ ಹಜ್ ಸಮಿತಿ ಮೂಲಕ ಹೋಗುವವರಿಗೆ 2023ರಿಂದ ಕಣ್ಣೂರೂ ಹೊರಡುವ ಸ್ಥಳ. ಮೊದಲು ಕರಿಪ್ಪೂರು ಇಲ್ಲವೇ ಕೊಚ್ಚಿಗೆ ಹೋಗಬೇಕಿತ್ತು. ಕಾಸರಗೋಡಿನ ವಯಸ್ಸಾದ ಯಾತ್ರಿಕರಿಗೆ ನೂರು ಕಿಲೋಮೀಟರ್ ಉಳಿದಂತೆ. ಅರ್ಜಿ ತುಂಬುವಾಗ ಅದನ್ನೇ ಗುರುತು ಹಾಕಿ.

ಮಳೆ, ಗುಡ್ಡ, ಭಯ

ಬಜಪೆಯ ರನ್‌ವೇ ಗುಡ್ಡದ ತಲೆಯನ್ನು ಸಪಾಟು ಮಾಡಿ ಕಟ್ಟಿದ್ದು. ಉದ್ದ 2,450 ಮೀಟರ್. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಅಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು. ಉಳಿದವರು 8 ಜನ. ಸತ್ತವರಲ್ಲಿ ನಮ್ಮ ಜಿಲ್ಲೆಯವರು ಬಹಳ. ಆ ಭಯ ಕೆಲವು ಮನೆಗಳಲ್ಲಿ ಇವತ್ತಿಗೂ ಇದೆ. ಬಜಪೆ ಬೇಡ, ದೂರವಾದರೂ ಕಣ್ಣೂರಿಗೇ ಹೋಗು ಎಂದು ಮಗನಿಗೆ ಹೇಳುವ ತಾಯಂದಿರಿದ್ದಾರೆ. ಅವರಿಗೆ ಅಂಕಿಸಂಖ್ಯೆ ಹೇಳಿ ವಾದ ಮಾಡಲು ನಾನು ಹೋಗುವುದಿಲ್ಲ. ವಿಷಯ ಮಾತ್ರ ಹೇಳುತ್ತೇನೆ. ಇಳಿಯುವ ಕ್ರಮ ಸರಿಯಿಲ್ಲದಿದ್ದರೂ ಪೈಲಟ್ ಮತ್ತೆ ಮೇಲೇರದೆ ಇಳಿಸಲು ಹೋದದ್ದೇ ಕಾರಣ ಎಂದು ತನಿಖೆ ಹೇಳಿತು. 2020ರ ಆಗಸ್ಟ್ 7ರಂದು ಕರಿಪ್ಪೂರಿನಲ್ಲಿ 21 ಜನ ತೀರಿಕೊಂಡ ಅಪಘಾತದ ವರದಿಯೂ ಹೆಚ್ಚುಕಮ್ಮಿ ಇದನ್ನೇ ಹೇಳಿದೆ. ಕಣ್ಣೂರು ಏರ್‌ಪೋರ್ಟ್ ಕೂಡ ಗುಡ್ಡದ ಮೇಲೆಯೇ ಇದೆ, ರನ್‌ವೇ ಮಾತ್ರ 3,050 ಮೀಟರ್, ಅಂದರೆ 600 ಮೀಟರ್ ಜಾಸ್ತಿ.

ಅಪಘಾತಕ್ಕಿಂತ ದಿನನಿತ್ಯ ಕಾಡುವುದು ಮಳೆ ಮತ್ತು ಮಂಜು. ಜೂನ್-ಜುಲೈಯಲ್ಲಿ ಬಜಪೆಯ ಮೇಲೆ ಬಂದ ವಿಮಾನ ರನ್‌ವೇ ಕಾಣದೆ ಸುತ್ತು ಹಾಕಿ ಕಣ್ಣೂರಿಗೋ ಕೊಚ್ಚಿಗೋ ಬೆಂಗಳೂರಿಗೋ ತಿರುಗುವುದುಂಟು. ನಿಮ್ಮ ವಿಮಾನ ಕಣ್ಣೂರಿನಲ್ಲಿ ಇಳಿದರೆ ಹೊರಗೆ ಬಿಡಬಹುದು, ಬಿಡದೆಯೂ ಇರಬಹುದು. ಮಳೆ ನಿಂತ ಮೇಲೆ ಅದೇ ವಿಮಾನ ವಾಪಸ್ ಬಜಪೆಗೆ ಬರುವುದೇ ಹೆಚ್ಚು. ಕರೆದುಕೊಂಡು ಬರಲು ಹೋದವರು ಕೂಡಲೇ ಕಾರು ತಿರುಗಿಸಿ ಮಟ್ಟನ್ನೂರಿಗೆ ಓಡಬೇಡಿ. ಐದು ಗಂಟೆಯ ದಾರಿ, ನೀವು ತಲುಪುವ ಹೊತ್ತಿಗೆ ವಿಮಾನ ಬಜಪೆಯಲ್ಲಿ ಇರುತ್ತದೆ.

ರಸ್ತೆಯೂ ಕೈಕೊಡುವುದುಂಟು. 2021ರ ಜೂನ್‌ನಲ್ಲಿ ಮರವೂರು ಸೇತುವೆ ಕುಸಿದು ಮಂಗಳೂರಿನಿಂದ ಏರ್‌ಪೋರ್ಟಿಗೆ ಹೋಗುವ ನೇರ ದಾರಿಯೇ ಕೆಲವು ವಾರ ಬಂದ್ ಆಗಿತ್ತು. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದಾಗ ಕರ್ನಾಟಕ ತಲಪಾಡಿ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಹತ್ತಿರದ ಏರ್‌ಪೋರ್ಟ್ ಬೇರೆ ರಾಜ್ಯದಲ್ಲಿದೆ ಎಂಬುದು ನಮಗೆ ಹಾಗೆ ನೆನಪಾಗುತ್ತದೆ. ದಿನವೂ ಆಗುವ ಮಾತಲ್ಲ, ಆದರೆ ಹೊರಡುವ ಹಿಂದಿನ ಸಂಜೆ ರಸ್ತೆಯ ಸುದ್ದಿ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಹಾಗಾದರೆ ನಿಮಗೆ ಯಾವುದು?

ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರಿಗೆ ಬಜಪೆ. ಟಿಕೆಟ್ ತಲೆಗೆ ಎರಡು ಸಾವಿರ ಜಾಸ್ತಿ ಇದ್ದರೂ ಬಜಪೆಯೇ. ಕಾಸರಗೋಡು ಪೇಟೆಯವರು ಒಬ್ಬರೇ ಹೋಗುವಾಗ ಬಜಪೆ, ಸಂಸಾರ ಸಮೇತ ಹೋಗುವಾಗ ಎರಡನ್ನೂ ನೋಡಿ. ತಲೆಗೆ ಸಾವಿರಕ್ಕಿಂತ ಜಾಸ್ತಿ ಉಳಿದರೆ, ಹಗಲು ಹೊತ್ತಿನ ವಿಮಾನವಾದರೆ, ಕಣ್ಣೂರು ಆಗಬಹುದು. ವಯಸ್ಸಾದವರು, ಕೈಕೂಸು ಇದ್ದರೆ ಆ ಉಳಿತಾಯ ಬೇಡ. ಉದುಮ, ಬೇಕಲದವರಿಗೆ ರಾತ್ರಿ ವಿಮಾನಕ್ಕೆ ಬಜಪೆ. ಹೊಸದುರ್ಗದವರು ಅಗ್ಗದ ಟಿಕೆಟ್ ಎಲ್ಲಿದೆಯೋ ಅಲ್ಲಿಗೆ ಹೋಗಿ, ಜಿಲ್ಲೆಯಲ್ಲಿ ಆ ಭಾಗ್ಯ ನಿಮಗೆ ಮಾತ್ರ. ಸಂಜೆ ವಿಮಾನವಾದರೆ ನಂತೂರನ್ನು ನೆನೆದು ಕಣ್ಣೂರು ಆರಿಸಿ. ನೀಲೇಶ್ವರದಿಂದ ತೆಂಕಕ್ಕೆ ಕಣ್ಣೂರು.

ಹೋಗಿ ಬರುವ ಟಿಕೆಟ್ ಮಾಡುವಾಗ ಎರಡನ್ನೂ ಒಂದೇ ಏರ್‌ಪೋರ್ಟಿನಿಂದ ಮಾಡಬೇಕೆಂದಿಲ್ಲ. ನಮ್ಮ ಕಡೆಯ ವಿಮಾನಗಳಲ್ಲಿ ಒಂದು ಬದಿಯ ಟಿಕೆಟ್ ಬೇರೆ ಬೇರೆಯಾಗಿ ಮಾಡಿದರೂ ಬೆಲೆ ಹೆಚ್ಚೇನೂ ಬದಲಾಗುವುದಿಲ್ಲ. ಹೋಗುವಾಗ ಬಜಪೆ, ಬರುವಾಗ ಕಣ್ಣೂರು ಆದರೂ ನಡೆಯುತ್ತದೆ. ಬರುವಾಗ ಮೂರು ಗಂಟೆ ಮೊದಲು ತಲುಪುವ ಗಡಿಬಿಡಿ ಇಲ್ಲ, ದಾರಿ ಉದ್ದವಾದರೂ ತೊಂದರೆ ಇಲ್ಲ. ಸ್ವಂತ ಕಾರನ್ನು ಏರ್‌ಪೋರ್ಟಿನಲ್ಲೇ ನಿಲ್ಲಿಸಿ ಹೋಗುವವರು ಮಾತ್ರ ಈ ಉಪಾಯ ಮಾಡಬೇಡಿ. ಮತ್ತೆ ಕಣ್ಣೂರಿನಲ್ಲಿ ಇಳಿದರೆ ಬಜಪೆಯಿಂದ ಕಾರು ತರಲು 180 ಕಿಲೋಮೀಟರ್.